ಅರ್ಧ ಹೇಳಿ ನಿಲ್ಲಿಸಿ

ಮೊನ್ನೆ ಮಂಠಾಳದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಕುಬಸವಿತ್ತು. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂಡಿಸಿ, ಆರತಿ ಮುಗಿಸಿದ ಮೇಲೆ ಹೆಂಗಸರು ಹೆಸರು ಹೇಳಿಸಲು ಶುರು ಮಾಡಿದರು. ನಮ್ಮ ಕಡೆ ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಂದ ಹೇಳುವುದಿಲ್ಲ. ಇಂಥ ಕಾರ್ಯಗಳಲ್ಲಿ ಮಾತ್ರ ಎರಡು ಸಾಲು ಪ್ರಾಸ ಕಟ್ಟಿ, ಕೊನೆಗೆ ಹೆಸರು ಜೋಡಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಸರದಿ ಒಬ್ಬೊಬ್ಬರನ್ನು ದಾಟಿ ನನ್ನ ಹತ್ತಿರ ಬಂತು. ಬಂದು, ನನ್ನ ಬರಿಗೊರಳು ನೋಡಿ, ಪಕ್ಕದವಳ ಕಡೆ ಹೊರಟುಹೋಯಿತು.

ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ನನಗೂ ಬೇಜಾರಾಗಲಿಲ್ಲ ಎಂದರೆ ನೀವು ನಂಬಬೇಕು. ಯಾಕೆಂದರೆ ಗಂಡ ಇದ್ದಾಗಲೂ ನಾನು ಒಂದು ಸಲವಾದರೂ ಪೂರ್ತಿ ಒಡಪು ಹೇಳಿದವಳಲ್ಲ. ಹೆಸರಿನ ತನಕ ಹೋಗಿ ನಿಂತುಬಿಡುವುದು ನನ್ನ ರೂಢಿ. ಉಳಿದದ್ದನ್ನು ಪಡಸಾಲೆಯಲ್ಲಿ ಗಂಡಸರ ನಡುವೆ ಕೂತ ಅವರೇ ಕೂಗಿ ಮುಗಿಸುತ್ತಿದ್ದರು.

ಬಾಯಿಂದ ಹೇಳದ ಹೆಸರನ್ನು ಪೆನ್ನಿನಿಂದ ಬರೆಯಲು ಅಡ್ಡಿಯಿಲ್ಲ ಎಂದು ಯಾರೋ ಹಿರಿಯರು ಹೇಳಿದ್ದರು. ಯಾರೂ ಹೇಳಿರದಿದ್ದರೆ ನಾನೇ ಹೇಳಿದೆ ಎಂದು ತಿಳಿಯಿರಿ. ನಮ್ಮವರ ಹೆಸರು ಕಾಶಿನಾಥ. ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಒಡಪು ಕಟ್ಟುವುದನ್ನು ನಾವು ಕಲಿಯುತ್ತಿದ್ದದ್ದು ಮದುವೆಯಾದ ಮೇಲಲ್ಲ. ಕೊಹಿನೂರದಲ್ಲಿ ನನ್ನ ತವರು. ಅಲ್ಲಿ ಸಣ್ಣ ಹುಡುಗಿಯರಿದ್ದಾಗಲೇ ಜೋಳದ ರಾಶಿಯ ಪಕ್ಕ ಕೂತು ಅಭ್ಯಾಸ ಮಾಡುತ್ತಿದ್ದೆವು. ಆದರೆ ಹೆಸರು ಎಲ್ಲಿಂದ ತರಬೇಕು? ಊರಿನ ಯಾವ ಹುಡುಗನ ಹೆಸರು ಹೇಳಿದರೂ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಹಾಗಾಗಿ ನಮ್ಮ ಎತ್ತು ಸರ್ಜಾನ ಹೆಸರೇ ಎಲ್ಲರಿಗೂ ಬಳಕೆಗೆ ಬಂತು. ನನ್ನ ಮೊದಲ ಒಡಪು ಇನ್ನೂ ನೆನಪಿದೆ.

"ಹಿತ್ತಲಕ್ಕ ಒಂದು, ಅಂಗಳಕ್ಕ ಒಂದು, ಮನಿಗೆ ಎರಡು ದರ್ವಾಜಾ,
ಎರಡರಾಗೂ ಹೊಕ್ಕು ಬರ್ತಾರ ನಮ್ಮ ಮನಿಯ ಸರ್ಜಾ."

ಅಜ್ಜಿ ಕೇಳಿಸಿಕೊಂಡು, "ಇರಲಿ ಬಿಡವ್ವಾ. ಎತ್ತು ಕುಡಿಯಂಗಿಲ್ಲ, ಇಸ್ಪೀಟ ಆಡಂಗಿಲ್ಲ" ಎಂದಿದ್ದಳು. ಆಮೇಲೆ ಬಸವಕಲ್ಯಾಣದಲ್ಲಿ ನನ್ನ ಮದುವೆ ಗೊತ್ತಾದಾಗ ಅವಳೇ ಹೊಸದು ಕಟ್ಟಿಕೊಟ್ಟಳು.

"ತಾಟಿನಾಗ ಹೋಳಿಗಿ, ಹೋಳಿಗಿಗೆ ತುಪ್ಪದ ಸಾಥ,
ಕೊಹಿನೂರದಿಂದ ಕರಕೊಂಡು ಬಂದವರು ಕಾಶಿನಾಥ."

ಮದುವೆ ಮುಗಿಸಿ ಗಂಡನ ಮನೆಗೆ ಬಂದಾಗ ನಾದಿನಿ ಕಮಲಾ ಬಾಗಿಲಿಗೆ ಅಡ್ಡ ನಿಂತಳು. ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂಬುದು ಪದ್ಧತಿ. ನಾನು ತಲೆ ತಗ್ಗಿಸಿ, ಹೋಳಿಗೆ, ತುಪ್ಪ, ಕೊಹಿನೂರ ಎಲ್ಲ ಹೇಳಿ, "ಕರಕೊಂಡು ಬಂದವರು" ಎನ್ನುವ ತನಕ ಬಂದೆ. ಅಲ್ಲಿಗೆ ನಿಂತುಬಿಟ್ಟೆ. ಓಣಿಯ ಹೆಂಗಸರೆಲ್ಲ ಕಿವಿ ಮುಂದೆ ಚಾಚಿ ನಿಂತಿದ್ದರು. ಬೇಸಿಗೆ ಬಿಸಿಲು. ಪಕ್ಕದಲ್ಲಿದ್ದ ಮದುಮಗನಿಗೆ ತಡೆಯಲಾಗಲಿಲ್ಲ.

"ಕಾಶಿನಾಥ!" ಎಂದು ತಾವೇ ಕೂಗಿದರು. "ಬಿಡ್ರಿ ಇನ್ನ, ಹಸಿವಾಗ್ಯಾದ."

"ಏ ಅಣ್ಣಾ, ನಿನ್ನ ಹೆಸರು ನೀನ ಹೇಳ್ಕೊಂಡ್ರ ಹ್ಯಾಂಗೋ?"

"ಹೆಸರು ನಂದ ಅದ, ನಾ ಹೇಳ್ತೀನಿ. ನಿನಗೇನು ತ್ರಾಸ?"

ಅಂದಿನಿಂದ ಅದೇ ರೂಢಿಯಾಯಿತು. ಯಾರ ಮನೆಯ ಕಾರ್ಯವಾದರೂ ಸರಿ, ನಾನು ಅರ್ಧ, ಅವರು ಅರ್ಧ. ಕೆಲವರು ಅದನ್ನು ನೋಡಲೆಂದೇ ನಮ್ಮನ್ನು ಕರೆಯುತ್ತಿದ್ದರು ಎಂದು ನನಗೆ ಗುಮಾನಿ.

ಮಾತು ಅವರ ಉದ್ಯೋಗ. ಹುಮನಾಬಾದಿನ ಬಜಾರಿನಲ್ಲಿ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವ ಕೆಲಸ. ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸು ಹತ್ತಿದರೆ ಹುಮನಾಬಾದ ಬರುವಷ್ಟರಲ್ಲಿ ಪಕ್ಕದ ಸೀಟಿನವನ ಮಗಳ ಮದುವೆಗೆ ಯಾವ ಸೀರೆ ಎಂಬುದು ತೀರ್ಮಾನವಾಗಿರುತ್ತಿತ್ತು. ಸಂಜೆ ಮನೆಗೆ ಬಂದರೂ ಮಾತು ನಿಲ್ಲುತ್ತಿರಲಿಲ್ಲ. ನಾನು ಹತ್ತನೆಯ ತನಕ ಓದಿದವಳು, ಹುಟ್ಟಿನಿಂದ ಮಾತು ಕಡಿಮೆ. ನಾನು ಆಡಬೇಕಾದ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಪಲ್ಯೆಯವಳ ಹತ್ತಿರ ಚೌಕಾಸಿ ಅವರದು, ನನ್ನ ತವರಿನ ಫೋನಿಗೆ ಉತ್ತರ ಅವರದು. ಒಮ್ಮೆ ನನಗೆ ಹಲ್ಲುನೋವು ಬಂದಾಗ ದಂತವೈದ್ಯರ ಮುಂದೆ ನೋವು ಹೇಗಿದೆಯೆಂದು ವರ್ಣಿಸಿದವರೂ ಅವರೇ. ಬಾಯಿ ತೆರೆದದ್ದು ಮಾತ್ರ ನಾನು.

ಅಂಥವರು ಒಂದು ಮಧ್ಯಾಹ್ನ ಗಾದಿಯ ಮೇಲೆಯೇ, ಬಿಚ್ಚಿದ ಸೀರೆಯ ಸೆರಗು ಕೈಯಲ್ಲಿ ಹಿಡಿದಂತೆ ಬಲಕ್ಕೆ ವಾಲಿದರು. ಲಕ್ವಾ. ಅಂಗಡಿಯವರು ಕೂಡಲೇ ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. "ಬುದ್ಧಿಗೆ ಏನೂ ಆಗಿಲ್ಲಮ್ಮ. ಎಲ್ಲಾ ತಿಳೀತದ. ಮಾತೂ ಒಳಗೇ ಅದ, ಹೊರಗೆ ಬರುವ ದಾರಿ ಮುಚ್ಚಿದೆ" ಎಂದು ಡಾಕ್ಟರು ಹೇಳಿದರು.

ಒಂದೇ ಒಂದು ಶಬ್ದ ಉಳಿದಿತ್ತು, ನಮ್ಮ ಕಡೆ 'ಇದೆ' ಎನ್ನಲು ಹೇಳುವಂಥದು. "ಅದ." ಏನು ಕೇಳಿದರೂ "ಅದ". ನೋಡಲು ಬಂದವರು, "ಕಾಶಣ್ಣಾ, ಆರಾಮ ಅದ?" ಎಂದರೆ "ಅದ". "ಊಟ ಆಗ್ಯಾದ?" "ಅದ". ಅವರು ಸಮಾಧಾನದಿಂದ ಚಹಾ ಕುಡಿದು, "ಮಾತು ಬರಾಕತ್ತಾದ ಬಿಡ್ರಿ ವೈನಿ" ಎಂದು ನನಗೆ ಧೈರ್ಯ ಹೇಳಿ ಹೋಗುತ್ತಿದ್ದರು. ಹೋದ ಮೇಲೆ ನಾನು, "ನೋವು ಅದ ಏನ್ರಿ?" ಎಂದು ಕೇಳುತ್ತಿದ್ದೆ. "ಅದ." "ನೋವು ಇಲ್ಲ ಹೌದಲ್ಲ?" "ಅದ." ಆ ಉತ್ತರ ಇಟ್ಟುಕೊಂಡು ಏನು ಮಾಡುವುದು?

ಏನನ್ನೋ ಹೇಳಲು ಒದ್ದಾಡುತ್ತಿದ್ದರು ಎಂಬುದಂತೂ ಗೊತ್ತಾಗುತ್ತಿತ್ತು. ಅದರಲ್ಲೂ ಬೆಳಿಗ್ಗೆ. ಮೈದುನ ಶಿವರಾಜ ದಿನಾ ಬಂದು ಅಣ್ಣನನ್ನು ಎಬ್ಬಿಸಿ ಕೂಡಿಸುತ್ತಿದ್ದ. ಒಳ್ಳೆಯ ಮೈಕಟ್ಟಿನ ಆಳು, ಮನಸ್ಸು ಬೆಣ್ಣೆ. ಎರಡೂ ಕೈ ಹಿಡಿದು, "ಏಳಪ್ಪಾ ರಾಜಾ" ಎಂದು ಒಂದೇ ಸಲಕ್ಕೆ ಎತ್ತಿ ಕೂಡಿಸುವನು. ಅವನು ಬಾಗಿಲಲ್ಲಿ ಕಂಡ ಕೂಡಲೇ ಇವರ ಕಣ್ಣಲ್ಲಿ ನೀರು. ಎಡಗೈಯಿಂದ ಬಲಗೈಯನ್ನು ತೋರಿಸಿ ತೋರಿಸಿ "ಅದ, ಅದ, ಅದ" ಎನ್ನುವರು. ಬಿದ್ದ ಕೈಗಾಗಿ ದುಃಖಪಡುತ್ತಿದ್ದಾರೆ ಎಂದೇ ನಾವೆಲ್ಲ ತಿಳಿದೆವು. ಶಿವರಾಜನೂ ಕಣ್ಣೊರೆಸಿಕೊಂಡು, "ಕೈ ಬರ್ತದ ಅಣ್ಣಾ, ಫಿಕರ್ ಮಾಡಬ್ಯಾಡ" ಎಂದು ಅದೇ ಕೈಯನ್ನು ಪ್ರೀತಿಯಿಂದ ಜಗ್ಗುತ್ತಿದ್ದ. ಬರಬರುತ್ತ ಇವರು ಎಬ್ಬಿಸುವವರನ್ನು ಎಡಗೈಯಿಂದ ಹೊಡೆಯತೊಡಗಿದರು. ತಾಟು ಎಸೆದರು. ವ್ಯಾಯಾಮ ಮಾಡದೆ ಹಟ ಹಿಡಿದು ಕೂತರು. ಹೀಗೇ ಹಟ ಮುಂದುವರಿದರೆ ಮನುಷ್ಯ ಹಾಸಿಗೆಗೇ ಅಂಟಿಕೊಳ್ಳುತ್ತಾನೆ ಎಂದು ಆಸ್ಪತ್ರೆಯಲ್ಲಿ ಎಚ್ಚರಿಸಿದರು.

ಆಗ ವಾರಕ್ಕೊಮ್ಮೆ ಹುಮನಾಬಾದಿನ ಆಸ್ಪತ್ರೆಗೆ ಮಾತು ಕಲಿಸುವ ಮೇಡಂ ಒಬ್ಬರು ಬರುತ್ತಿದ್ದರು. ವೀಣಾ ಎಂದು ಹೆಸರು, ಮೈಸೂರಿನ ಕಡೆಯವರು, ಚಿಕ್ಕ ವಯಸ್ಸು. ಡಾಕ್ಟರು ಅವರ ಹತ್ತಿರ ಕಳಿಸಿದರು. ಕೈಕಾಲು ವ್ಯಾಯಾಮದ ದೊಡ್ಡ ಹಾಲಿನ ಒಂದು ಮೂಲೆಯೇ ಅವರ ಕೋಣೆ. ಸುತ್ತ ಬೆಂಚುಗಳ ಮೇಲೆ ಸರದಿಗೆ ಕಾಯುವ ಜನ. ಮಾಣಿಕನಗರದ ಅಜ್ಜಿಯೊಬ್ಬಳು ಯಾವಾಗಲೂ ಮುಂದಿನ ಬೆಂಚಿನಲ್ಲಿ ಇರುತ್ತಿದ್ದಳು. ಮೊಣಕಾಲು ನೋವು ಅವಳಿಗೆ ನೆಪ, ಊರ ಸುದ್ದಿ ಅಸಲು ಕೆಲಸ.

ವೀಣಾ ಮೇಡಂ ಮೊದಲು ಚಿತ್ರದ ಕಾರ್ಡು ತೆಗೆದರು. "ಇದೇನು ಹೇಳಿ ಅಂಕಲ್?"

ತೆಂಗಿನಮರ. ಇವರು "ಅದ" ಎಂದರು.

"ಇದು?"

ಇಡ್ಲಿ. "ಅದ."

ಮೂರನೆಯದು ದೋಣಿ. ಇವರು ಮುಖ ತಿರುಗಿಸಿದರು. ಜೊತೆಗೆ ಬಂದಿದ್ದ ಕಮಲಾ ಸುಮ್ಮನಿರುವ ಪೈಕಿ ಅಲ್ಲ. "ಮೇಡಂ, ನಮ್ಮಣ್ಣ ಆರಾಮ ಇದ್ದಾಗೂ ದೋಣಿ ನೋಡಿಲ್ರಿ. ಈಗ ಹ್ಯಾಂಗ ಹೇಳ್ಯಾನು?"

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಈಕೆ ಜೋರಾಗಿ ನಕ್ಕು ಕಾರ್ಡುಗಳನ್ನು ಚೀಲಕ್ಕೆ ಹಾಕಿದರು. "ಸರಿ. ಹಾಗಾದ್ರೆ ಮನೇಲಿ ಇವರು ಯಾವಾಗ್ಲೂ ಏನು ಅಂತಿದ್ರು, ಅದನ್ನ ಹೇಳಿ. ದಿನಾ ಅಂತಿದ್ದ ಮಾತು, ಯೋಚನೆ ಮಾಡ್ದೆ ಬಾಯಿಗೆ ಬರ್ತಿದ್ದ ಮಾತು."

ಜೀವನಪೂರ್ತಿ ಕೇಳಿದ ಮಾತಿನಲ್ಲಿ ಯಾವುದೆಂದು ಆರಿಸುವುದು? ಕಮಲಾ ಮಾತ್ರ ಬಾಗಿಲಿಗೆ ಅಡ್ಡ ನಿಂತಲ್ಲಿಂದ ಶುರು ಮಾಡಿ, ಹಸಿವಿನ ತನಕ, ಹಾಲಿನ ಆ ತುದಿಯವರಿಗೂ ಕೇಳುವಂತೆ ಇಡೀ ಕಥೆ ಹೇಳಿದಳು. ಬೆಂಚುಗಳೆಲ್ಲ ನಕ್ಕವು. ವೀಣಾ ಮೇಡಂ ನಗಲಿಲ್ಲ. ಅವರು ನಮ್ಮವರ ಮುಖ ನೋಡುತ್ತಿದ್ದರು. ಆ ಮುಖದ ಎಡಭಾಗ ನಗುತ್ತಿತ್ತು.

"ಆಂಟಿ, ಆ ಒಡಪು ಈಗ ಹೇಳಿ. ಅರ್ಧ ಹೇಳಿ ನಿಲ್ಲಿಸಿ. ಯಾವಾಗ್ಲೂ ಎಲ್ಲಿ ನಿಲ್ಲಿಸ್ತಿದ್ರೋ ಅಲ್ಲೇ."

ಅಷ್ಟು ಜನರ ಮುಂದೆ! ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದೆ. ತಾಟು, ಹೋಳಿಗೆ, ತುಪ್ಪ. "ಕೊಹಿನೂರದಿಂದ ಕರಕೊಂಡು ಬಂದವರು..."

"ಕಾಶಿನಾಥ!" ಎಂದಿತು ಇಡೀ ಹಾಲು.

ನಮ್ಮ ಜನಕ್ಕೆ ಒಡಪು ಎಂದರೆ ಊರ ಆಸ್ತಿ. ಯಾರಾದರೂ ತಡವರಿಸಿದರೆ ಹತ್ತು ಬಾಯಿ ತುಂಬಿಕೊಡುತ್ತವೆ. ವೀಣಾ ಮೇಡಂ ಎದ್ದು ನಿಂತು ಕೈ ಮುಗಿದರು. "ದಯವಿಟ್ಟು ನೀವ್ಯಾರೂ ಹೇಳ್ಬೇಡಿ. ಅವರು ಹೇಳ್ಬೇಕು."

ಮತ್ತೆ ಹೇಳಿದೆ. ಈ ಸಲ ಎಲ್ಲರೂ ತುಟಿ ಬಿಗಿಹಿಡಿದರು, ಮಾಣಿಕನಗರದ ಅಜ್ಜಿಯೊಬ್ಬಳನ್ನು ಬಿಟ್ಟು. "ಕಾಶಿ..." ಎಂದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ತಪ್ಪಾತವ್ವಾ. ತಡ್ಯಾಕ ಆಗಲಿಲ್ಲ."

"ನಿಮಗೆ ಮಾತು ಚೆನ್ನಾಗಿ ಬರುತ್ತೆ ಅಜ್ಜಿ, ನನಗೆ ಗೊತ್ತಾಯ್ತು" ಎಂದರು ಮೇಡಂ.

ಮತ್ತೊಮ್ಮೆ. ಈಗ ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಕರಕೊಂಡು ಬಂದವರು" ಎಂದು ನಿಲ್ಲಿಸಿ ಅವರ ಮುಖ ನೋಡಿದೆ. ತುಟಿ ಅಲುಗಿತು. ಗಂಟಲಲ್ಲಿ ಏನೋ ಏರಿ ಇಳಿಯಿತು. ನನಗೇ ಹೇಳಿಬಿಡಬೇಕು ಎನಿಸಿ ಸೆರಗು ಕಚ್ಚಿ ಹಿಡಿದೆ.

"ಕಾ... ಶಿ... ನಾಥ."

ಹಾಲಿನಲ್ಲಿ ಚಪ್ಪಾಳೆ. ಕಮಲಾ ಗೊಳೋ ಎಂದು ಅತ್ತಳು. ಇವರು ತಮ್ಮ ಬಾಯಿಂದ ಬಂದದ್ದನ್ನು ತಾವೇ ನಂಬದವರ ಹಾಗೆ ಸುತ್ತ ನೋಡಿ, ಇನ್ನೊಮ್ಮೆ ಹೇಳಿದರು. ಬಸ್ಸಿನಲ್ಲಿ ಬಸವಕಲ್ಯಾಣದ ತನಕ ಹೇಳುತ್ತಲೇ ಬಂದರು. ಪಕ್ಕದ ಸೀಟಿನವನು ಪಾಪ, ತನ್ನ ಹೆಸರನ್ನೂ ಹೇಳಿ ಪರಿಚಯ ಮಾಡಿಕೊಂಡ.

ಆದರೆ ಮರುದಿನ ಬೆಳಿಗ್ಗೆ ಶಿವರಾಜ ಬಂದಾಗ ಮತ್ತೆ ಕಣ್ಣೀರು, ಮತ್ತೆ "ಅದ". ಮುಂದಿನ ವಾರ ಮೇಡಂಗೆ ಹೇಳಿದೆ. "ತಮ್ಮ ಹೆಸರು ಬಂತು, ಖರೆ. ಆದರ ಅವರಿಗೆ ಏನೋ ಬ್ಯಾರೆ ಹೇಳೋದು ಅದರಿ. ಅದು ಬರವಲ್ದು."

"ಗೊತ್ತು ಆಂಟಿ. ಮುಂಬಾಗಿಲು ಮುಚ್ಚಿದೆ. ಸಾವಿರ ಸಲ ಆಡಿದ ಮಾತು ಹಿತ್ತಲ ಬಾಗಿಲಿಂದ ಬರುತ್ತೆ. ಅಂಥ ಮಾತು ಇನ್ನೂ ಬೇಕು. ಅಂಗಡೀಲಿ ಏನೇನು ಅಂತಿದ್ರು?"

ನನಗೇನು ಗೊತ್ತು? ಗಂಡನ ಅಂಗಡಿಯಲ್ಲಿ ಗಿರಾಕಿಯಾಗಿ ನಾನು ಯಾವತ್ತೂ ಕೂತಿಲ್ಲ. ಅವರೇ ಆರಿಸಿ ತಂದದ್ದು ಉಟ್ಟವಳು. ಮೇಡಂ ಸ್ವಲ್ಪ ಯೋಚಿಸಿ, "ಸರಿ" ಎಂದರು. ಅಂದು ಸಂಜೆ ಆಸ್ಪತ್ರೆ ಮುಗಿಸಿ ತಾವೇ ಬಜಾರಿಗೆ ಹೋಗಿ, ಆ ಸೀರೆ ಅಂಗಡಿಯ ಗಾದಿಯ ಮುಂದೆ ಕೂತರಂತೆ. ಇವರ ಜೊತೆ ವರ್ಷಾನುಗಟ್ಟಲೆ ಕೆಲಸ ಮಾಡಿದವರಿಂದ, ಕಾಶಿನಾಥ ಹೇಗೆ ಕರೆಯುತ್ತಿದ್ದ, ಹೇಗೆ ಬಿಚ್ಚಿ ತೋರಿಸುತ್ತಿದ್ದ, ಗಿರಾಕಿ ಎದ್ದು ಹೊರಟರೆ ಏನೆನ್ನುತ್ತಿದ್ದ ಎಲ್ಲವನ್ನೂ ಆಡಿಸಿ ಕೇಳಿಕೊಂಡರಂತೆ. ಮರುವಾರ ಬಂದಾಗ ಆ ಮೈಸೂರಿನ ನಾಲಿಗೆಯಿಂದ, "ಬರ್ರಿ ಅಕ್ಕಾ, ಒಳಗ ಬರ್ರಿ" ಎಂಬ ಮಾತು ಕೇಳಿ ನಮ್ಮವರು ಕುರ್ಚಿಯಲ್ಲಿ ನೆಟ್ಟಗಾದರು. ಮೇಡಂ ಹೊಸ ಸೀರೆ ಉಟ್ಟಿದ್ದರು. ಮಾತು ಕದಿಯಲು ಹೋದವರನ್ನೂ ಬರಿಗೈಯಲ್ಲಿ ಕಳಿಸದ ಅಂಗಡಿ ಅದು.

ಆ ಮೇಲೆ ಅಂಗಡಿ ನಮ್ಮ ಮನೆಗೇ ಬಂತು. ದಿನಾ ಬೆಳಿಗ್ಗೆ ಸಂಜೆ ನಾನು ವ್ಯಾಪಾರಿ. ಅರ್ಧ ಹೇಳಿ ನಿಲ್ಲಿಸಬೇಕು, ಮುಗಿಸುವುದು ಅವರು. ಮಾತಿಲ್ಲದ ನಾನು ಪಡಸಾಲೆಯಲ್ಲಿ ಕೂತು ಗಂಟಲು ಬಿಟ್ಟು "ಬರ್ರಿ ಅಕ್ಕಾ" ಎಂದು ಕೂಗುವುದು. ಮೊದಲ ದಿನ ಪಕ್ಕದ ಮನೆಯಾಕೆ ನಿಜವಾಗಿಯೂ ಒಳಗೆ ಬಂದು ಕೂತುಬಿಟ್ಟಳು. "ಕರದಿ ಅಲ್ಲ, ಬಂದೆ. ಏನ ಮಾಡೀದಿ?" ಅವಳಿಗೆ ಚಹಾ ಮಾಡಿಕೊಟ್ಟೆ. ಇವರು ಆ ನಡುವೆ ತಾವಾಗಿ, "ಒಳಗ... ಬರ್ರಿ" ಎಂದರು. ಅವಳು, "ಒಳಗ ಅದೀನಲ್ರೀ ಅಣ್ಣಾರ!" ಎಂದಳು.

"ಬಣ್ಣಕ್ಕ" ಎಂದು ನಾನು ನಿಲ್ಲಿಸಿದರೆ "ಗ್ಯಾರಂಟಿ". "ನೋಡಾಕ" ಎಂದರೆ "ರೊಕ್ಕಿಲ್ಲ". ಗಿರಾಕಿ ಹೆಂಗಸರು ಸೀರೆಯ ಅಂಚನ್ನು ಜಗ್ಗಿ ಪರೀಕ್ಷೆ ಮಾಡಿದರೆ ಅವರು ಹೇಳುತ್ತಿದ್ದ ಮಾತೊಂದಿತ್ತು: "ಎಳೀಬ್ಯಾಡ್ರಿ ಅಕ್ಕಾ, ಜರಿ ಹೋಗ್ತದ." ಅದು ಉದ್ದ. ಬಹಳ ದಿನ ಬರಲಿಲ್ಲ. ನಾನು "ಎಳೀಬ್ಯಾಡ್ರಿ" ಎಂದರೆ ಅವರು "ಅಕ್ಕಾ" ಎನ್ನುವಷ್ಟಕ್ಕೆ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಶಿವರಾಜ ಎಂದಿನಂತೆ ಬಂದ. "ಏಳಪ್ಪಾ ರಾಜಾ" ಎಂದು ಎರಡೂ ಕೈ ಹಿಡಿದ. ನಾನು ಒಳಗೆ ಹಾಲು ಕಾಸುತ್ತಿದ್ದೆ.

"ಎಳೀಬ್ಯಾಡ್ರಿ ಅಕ್ಕಾ! ಜರಿ ಹೋಗ್ತದ!"

ಪೂರ್ತಿ ಮಾತು, ಅಂಗಡಿಯದೇ ದನಿ, ಅದೇ ರಾಗ. ಶಿವರಾಜ ಕೈ ಬಿಟ್ಟು ಹೊಟ್ಟೆ ಹಿಡಿದು ನಕ್ಕ. "ವೈನಿ, ಬರ್ರಿ ಇಲ್ಲಿ, ನಾ ಅಕ್ಕ ಆದೆ! ಈ ಮೀಸಿ ನೋಡೂ ಅಕ್ಕಾ ಅಂತಾನ!" ನಾನೂ ನಗುತ್ತಲೇ ಹೊರಗೆ ಬಂದೆ. ಬಂದು ಅವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ. ಬೆವರಿದ್ದರು. ಎಡಗೈ ಬಲಭುಜವನ್ನು ಗಟ್ಟಿಯಾಗಿ ಹಿಡಿದಿತ್ತು. ಕಣ್ಣು ನನ್ನ ಮೇಲೆಯೇ.

"ಎಳೀಬ್ಯಾಡ್ರಿ" ಎಂದರು ಮತ್ತೆ, ಮೆಲ್ಲಗೆ.

ನನ್ನ ನಗು ನಿಂತಿತು. "ಶಿವರಾಜಾ, ಜಗ್ಗಬ್ಯಾಡಪ್ಪಾ. ಅವರಿಗೆ ಭುಜ ನೋಯಾಕತ್ತಾದ. ಅದನ್ನ ಹೇಳಾಕತ್ತಾರ."

ಅಂದೇ ಹುಮನಾಬಾದಿಗೆ ಹೋದೆವು. ಅದು ಮೇಡಂ ಬರುವ ದಿನವೂ ಹೌದು. ವ್ಯಾಯಾಮ ಮಾಡಿಸುವ ಸರ್ ಅಂಗಿ ಬಿಚ್ಚಿಸಿ ನೋಡಿ, ಭುಜದ ಕೀಲು ಜೋತುಬಿದ್ದಿದೆ, ಬಿದ್ದ ಕೈ ಹಿಡಿದು ಎತ್ತಿದಾಗಲೆಲ್ಲ ಜೀವ ಹೋಗುವಂಥ ನೋವು ಆಗುತ್ತಿರಬೇಕು ಎಂದರು. ಸೊಂಟಕ್ಕೆ ಪಂಚೆ ಸುತ್ತಿ, ಅದನ್ನು ಹಿಡಿದು ಎಬ್ಬಿಸುವುದನ್ನು ಕಲಿಸಿದರು. ಕೂತಾಗ ಕೈಯ ಕೆಳಗೆ ದಿಂಬು. ವೀಣಾ ಮೇಡಂ ಮೂಲೆಯಿಂದ ಎದ್ದು ಬಂದು ಎರಡೆರಡು ಸಲ ಆ ಮಾತನ್ನು ಹೇಳಿಸಿ ಕೇಳಿದರು. "ಪಾಠದ ಮಾತನ್ನ ತಮಗೆ ಬೇಕಾದ ಕಡೆ ಇಟ್ಟಿದ್ದಾರೆ ಆಂಟಿ. ಇನ್ನು ಇದು ಗಿಳಿಪಾಠ ಅಲ್ಲ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಆ ನೋವು ಇಳಿದ ಮೇಲೆ ಹಟವೂ ಇಳಿಯಿತು. ವ್ಯಾಯಾಮಕ್ಕೆ ಒಪ್ಪಿದರು. ಕೋಲು ಹಿಡಿದು ಪಡಸಾಲೆಯ ತನಕ, ಆಮೇಲೆ ಕಟ್ಟೆಯ ತನಕ ನಡೆದರು. ಮೊದಲಿನಂತೆ ಮಾತಿನ ಹೊಳೆ ಹರಿಯಲಿಲ್ಲ. ಒಂದೊಂದೇ ಮಾತು, ಆದರೆ ಬೇಕಾದ ಮಾತು. ನೀರು, ಚಳಿ, ಶಿವರಾಜ, ಸಾಕು.

ಆಸ್ಪತ್ರೆಯ ದೊಡ್ಡ ಯಂತ್ರಗಳ ಬೆಲೆ ನನಗೂ ಗೊತ್ತು, ಅವರ ಜೀವ ಉಳಿಸಿದ್ದು ಅವೇ. ಆದರೆ ಉಳಿದ ಜೀವಕ್ಕೆ ಒಬ್ಬ ಮನುಷ್ಯನನ್ನು ಮರಳಿ ತಂದವರು, ಚೀಲದಲ್ಲಿದ್ದ ಕಾರ್ಡುಗಳು ಈ ಊರಿಗೆ ಹೊಂದಲಿಲ್ಲವೆಂದು ಕಂಡಾಗ ನಕ್ಕು ಸೀರೆ ಅಂಗಡಿಗೆ ಹೋದ ಆ ಹುಡುಗಿ. ಈಗ ಅವರು ಹೊಸಬರಿಗೆ ಮೊದಲು ಕಾರ್ಡು ತೋರಿಸುವುದಿಲ್ಲವಂತೆ. ತಳ್ಳುಗಾಡಿಯ ಮೇಲೆ ತರಕಾರಿ ಮಾರುವ ಒಬ್ಬಾಕೆಗೆ ಅವಳ ಕೂಗನ್ನೇ ಅರ್ಧ ಹೇಳಿ ಕಲಿಸಿದರೆಂದು ಕೇಳಿದೆ. ಆ ಕೂಗು ಕೇಳಿ ಹಾಲಿನಲ್ಲಿದ್ದ ಮಾಣಿಕನಗರದ ಅಜ್ಜಿ, "ಬದನಿಕಾಯಿ ಎಳೇವು ಅವ ಏನು?" ಎಂದು ವಿಚಾರಿಸಿದಳಂತೆ.

ನಮ್ಮವರು ಹೋದದ್ದು ಲಕ್ವಾದ ಇನ್ನೊಂದು ಹೊಡೆತಕ್ಕೆ, ಒಂದೇ ಗಳಿಗೆಯಲ್ಲಿ. ಆ ಗಳಿಗೆಯ ಬಗ್ಗೆ ಬರೆಯಲು ನನಗೆ ಏನೂ ಇಲ್ಲ. ಅದಕ್ಕೆ ಸ್ವಲ್ಪ ಮುಂಚಿನ ಒಂದು ಸಂಜೆಯದು ಇದೆ.

ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅವರು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ತಾಟು ಹಿಡಿದು ಕೂತಿದ್ದರು. ಒಂದು ತುತ್ತು ತಿಂದು, "ಇವತ್ತ... ಪುಂಡಿಪಲ್ಯಾ..." ಎಂದು ನಿಲ್ಲಿಸಿದರು.

ಮಾತು ಸಿಕ್ಕಿಬಿದ್ದಿತು ಎಂದು ನಾನು ಎತ್ತಿಕೊಡಲು ಹೊರಟೆ. "ಖಾರ ಆಗ್ಯಾದ?"

ತಲೆ ಅಲ್ಲಾಡಿಸಿದರು.

"ಉಪ್ಪು ಕಡಿಮಿ ಆತು?"

ಅದೂ ಅಲ್ಲ.

"ಇನ್ನೊಂದು ಜರಾ ಹಾಕ್ಲೇನು?"

ಅಲ್ಲ. ಅವರು ಕಾಯುತ್ತಲೇ ಇದ್ದರು. ನನಗೆ ಗಾಬರಿ. ಮತ್ತೆ ಮಾತು ಹಿಂದೆ ಸರಿಯಿತೇನೋ ಎಂದು ರೊಟ್ಟಿ ತವೆಯ ಮೇಲೆ ಬಿಟ್ಟು ಅವರ ಹತ್ತಿರ ಬಂದೆ. "ಚಲೋ ಆಗ್ಯಾದ?"

ಬಾಯಿಯ ಎಡಗಡೆ ಮೆಲ್ಲಗೆ ಮೇಲೇರಿತು.

"ನೀನ ಅಂದಿ. ನಾ... ಅಂದಿಲ್ಲ."

ನಾನು ಹಿಟ್ಟಿನ ಕೈ ಹಾಗೇ ಹಿಡಿದು ನಿಂತೆ. ಮಾತು ಸಿಕ್ಕಿಬಿದ್ದಿರಲಿಲ್ಲ. ಬಂದ ಮಾತನ್ನು ಬೇಕೆಂದೇ ಬಾಯಲ್ಲಿ ತಡೆದು ಕೂತಿದ್ದರು, ಹೆಂಡತಿಯ ಬಾಯಿಂದಲೇ ಅವಳ ಅಡಿಗೆಯನ್ನು ಹೊಗಳಿಸಲು. ತಡೆಹಿಡಿಯುವಷ್ಟು ಮಾತು ಮತ್ತೆ ಅವರ ಹತ್ತಿರ ಜಮೆಯಾಗಿತ್ತು. ನನಗೆ ನಗು ಬಂತು, ಅಳುವೂ ಬಂತು, ಯಾವುದನ್ನು ಮೊದಲು ಮಾಡಬೇಕೋ ತಿಳಿಯಲಿಲ್ಲ.

ಅವರು ಎಡಗೈ ಎತ್ತಿ ನನ್ನ ಹಿಂದೆ ತೋರಿಸಿದರು.

"ರೊಟ್ಟಿ ಹೊತ್ತಾಕತ್ತಾದ" ಎಂದರು.

ಆ ಮಾತನ್ನು ಯಾರೂ ಕಲಿಸಿರಲಿಲ್ಲ. ಓಡಿ ಹೋಗಿ ಇಳಿಸಿದೆ. ಒಂದು ಮಗ್ಗುಲು ಪೂರ್ತಿ ಕರಿ. ಎಸೆಯಲು ಹೋದವಳನ್ನು ತಡೆದು, ಅದನ್ನೇ ಬೇಡಿ ಹಾಕಿಸಿಕೊಂಡು ತಿಂದರು.